ಗಂಟೆ ನೋಡಿ ಹಿಡಿದ ‘ಕನೆಕ್ಷನ್ ರಿಫ್ಯೂಸ್ಡ್’

ನಮ್ಮ ಆಫೀಸು ಪುಣೆಯ ಬಾಣೇರ್‌ನಲ್ಲಿ. ಕೋಡ್ ಇರೋದು ಮುಂಬೈಯ ಒಂದು ಬಾಡಿಗೆ ಸರ್ವರ್‌ನಲ್ಲಿ. ಕಳೆದ ಮಳೆಗಾಲದಲ್ಲಿ ಗಿಟ್ ಪುಶ್ ಮಾಡುವಾಗ, ಅಂದರೆ ಬರೆದ ಕೋಡನ್ನು ಸರ್ವರ್‌ಗೆ ಕಳಿಸುವಾಗ, ಆಗಾಗ ‘ಪೋರ್ಟ್ 22, ಕನೆಕ್ಷನ್ ರಿಫ್ಯೂಸ್ಡ್’ ಅಂತ ಬರತೊಡಗಿತು. ಪೋರ್ಟ್ 22 ಅಂದರೆ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗೋ ಎಸ್‌ಎಸ್‌ಎಚ್‌ನ ಬಾಗಿಲು. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಸರಿಯಾಗುತ್ತಿತ್ತು. ನೆಟ್ ಸರಿಯಾಗೇ ಇದೆ, ಸರ್ವರೇ ನಮ್ಮನ್ನು ತಡೆಯುತ್ತಿದೆ ಅಂತ ನಾನು ಮೊದಲಿನಿಂದಲೂ ಹೇಳುತ್ತಿದ್ದೆ. ಯಾರೂ ಒಪ್ಪಲಿಲ್ಲ.

ಒಪ್ಪದೇ ಇರೋಕೆ ಕಾರಣವೂ ಇತ್ತು. ರೂಟರ್ ಆಫ್ ಮಾಡಿ ಆನ್ ಮಾಡಿದರೆ ತಕ್ಷಣ ಪುಶ್ ಹೋಗುತ್ತಿತ್ತು. ಬೆಳಗಾವಿ ಕಡೆಯ ನಮ್ಮ ಹಿರಿಯರು, “ರೂಟರ್ ಹಳೇದಾಗೇತ್ರಿ, ಬದಲಿ ಮಾಡೂಣು” ಅಂದರು. ಹೊಸ ರೂಟರ್‌ಗೆ ನಾಲ್ಕೂವರೆ ಸಾವಿರದ ಹತ್ತಿರ ಹೋಯಿತು. ಕೇಬಲ್ ಬದಲಿಸೋಕೆ ಬಂದವರಿಗೆ ಒಂದೂವರೆ ಸಾವಿರ. ಕೊನೆಗೆ ಸ್ಟ್ಯಾಟಿಕ್ ಐಪಿ (ಬದಲಾಗದ ನೆಟ್ ವಿಳಾಸ) ತಗೊಂಡರು, ವರ್ಷಕ್ಕೆ ಮೂರು ಸಾವಿರ ಚಿಲ್ಲರೆ. ಅದಾದ ಮೇಲೆ ಕಾಟ ಇನ್ನೂ ಜಾಸ್ತಿಯಾಯಿತು. ರೂಟರ್ ಆಫ್–ಆನ್ ಮಾಡಿದರೂ ಉಪಯೋಗವಿಲ್ಲ!

ನನಗೆ ಅಲ್ಲೇ ಖಾತ್ರಿಯಾಯಿತು. ಮೊದಲು ರೂಟರ್ ಆಫ್ ಮಾಡಿದಾಗ ಐಪಿ ಬದಲಾಗುತ್ತಿತ್ತು, ಅದಕ್ಕೇ ಸರಿಹೋಗುತ್ತಿತ್ತು. ಈಗ ಐಪಿ ಒಂದೇ. ಅಂದರೆ ಸರ್ವರ್‌ಗೆ ನಮ್ಮ ಐಪಿ ಮೇಲೇ ಸಿಟ್ಟು. ಫೋನಿನ ಹಾಟ್‌ಸ್ಪಾಟ್‌ನಿಂದ ಅದೇ ನಿಮಿಷದಲ್ಲಿ ಪುಶ್ ಹೋಯಿತು. ಸರ್ವರ್‌ನ ವೆಬ್ ಪುಟವೂ ಆಫೀಸಿನಿಂದಲೇ ತೆರೆಯಿತು. ಮುಚ್ಚಿದ್ದು 22 ಮಾತ್ರ.

ಆಮೇಲೆ ನಾನು ಮಾಡಿದ್ದು ಬಹಳ ಸರಳ. ನಿಮಿಷಕ್ಕೊಮ್ಮೆ ಎನ್‌ಸಿ ಅನ್ನೋ ಸಣ್ಣ ಟೂಲ್‌ನಿಂದ ಪೋರ್ಟ್ 22 ತಟ್ಟಿ, ಫಲಿತಾಂಶವನ್ನು ಸಮಯದ ಜೊತೆ ಬರೆದಿಡೋ ಎರಡು ಸಾಲಿನ ಸ್ಕ್ರಿಪ್ಟ್. ಸಂಜೆಗೆ ಚಿತ್ರ ಕಣ್ಣಿಗೆ ಕಟ್ಟಿತು: ಗಂಟೆಗೆ ಸರಿಯಾಗಿ ಒಂದು ಸಲ, ಅರ್ಧ ಗಂಟೆಗೆ ಇನ್ನೊಂದು ಸಲ, ಪ್ರತಿ ಸಲ ಹತ್ತು ನಿಮಿಷ ರಿಫ್ಯೂಸ್ಡ್. ಕೆಟ್ಟ ಕೇಬಲ್‌ಗೆ ಗಡಿಯಾರ ಗೊತ್ತಿರಲ್ಲ, ಅಲ್ವಾ? ಪದೇ ಪದೇ ತಪ್ಪು ಲಾಗಿನ್ ಮಾಡುವ ಐಪಿಯನ್ನು ಸ್ವಲ್ಪ ಹೊತ್ತು ತಡೆಯೋ ಫೇಲ್‌ಟುಬ್ಯಾನ್ ಅಂತ ಒಂದು ಪ್ರೋಗ್ರಾಮ್ ಇದೆ. ಹತ್ತು ನಿಮಿಷ ಅನ್ನೋದು ಅದರ ಡೀಫಾಲ್ಟ್ ಬ್ಯಾನ್ ಸಮಯ. ಅದು ಡೀಫಾಲ್ಟ್ ಆಗಿ ಪ್ಯಾಕೆಟ್ಟನ್ನು ಸುಮ್ನೆ ಬೀಳಿಸಲ್ಲ, ರಿಜೆಕ್ಟ್ ಮಾಡುತ್ತದೆ. ಅದಕ್ಕೇ ನಮಗೆ ‘ಟೈಮ್‌ಔಟ್’ ಬರದೆ ‘ರಿಫ್ಯೂಸ್ಡ್’ ಬರುತ್ತಿತ್ತು. ಸರ್ವರ್‌ನಲ್ಲಿ ಅದರ ಸ್ಟೇಟಸ್ ಕೇಳಿದೆ. ಬ್ಯಾನ್ ಆದ ಪಟ್ಟಿಯಲ್ಲಿ ನಮ್ಮ ಸ್ಟ್ಯಾಟಿಕ್ ಐಪಿಯೇ ಕೂತಿತ್ತು.

ಮಧ್ಯದಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಎಸ್‌ಎಸ್‌ಎಚ್ ಅನ್ನು ಪೋರ್ಟ್ 2222ರಲ್ಲೂ ತೆರೆದೆ. ಬ್ಯಾನ್ ಇರುವಾಗಲೇ ಅದು ಸಲೀಸಾಗಿ ಹೋಯಿತು, ಯಾಕೆಂದರೆ ಫೇಲ್‌ಟುಬ್ಯಾನ್‌ನ ಆ ಜೈಲ್ (ಕಾವಲು ನಿಯಮ) ಕಾಯುತ್ತಿದ್ದದ್ದು 22 ಒಂದನ್ನೇ. ಇದನ್ನೇ ಉಬುಂಟು 24.04 ಇರುವ ಇನ್ನೊಂದು ಸರ್ವರ್‌ನಲ್ಲಿ ಮಾಡಿದಾಗ 2222 ಕೂಡ ರಿಫ್ಯೂಸ್ಡ್. ಅಲ್ಲಿನ ಕಥೆಯೇ ಬೇರೆ. ಅದರಲ್ಲಿ ಪೋರ್ಟ್ ಕಾಯೋದು ಸಿಸ್ಟಮ್‌ಡಿಯ (ಸರ್ವರ್‌ನ ಸೇವೆಗಳನ್ನು ನಡೆಸೋ ಪ್ರೋಗ್ರಾಮ್‌ನ) ಸಾಕೆಟ್. ಕಾನ್ಫಿಗ್ ಬದಲಿಸಿ ಎಸ್‌ಎಸ್‌ಎಚ್ ರೀಸ್ಟಾರ್ಟ್ ಮಾಡಿದರೆ ಸಾಲದು, ಡೀಮನ್ ರೀಲೋಡ್ ಮಾಡಿ ಸಾಕೆಟ್ಟನ್ನೂ ರೀಸ್ಟಾರ್ಟ್ ಮಾಡಬೇಕು. ಹೊರಗಿನ ನೆಟ್ 22ನ್ನೇ ತಡೆಯುವ ಕಡೆ ಗಿಟ್‌ಹಬ್‌ (ಕೋಡ್ ಇಡೋ ಜಾಲತಾಣ) ನವರು ಪೋರ್ಟ್ 443ರಲ್ಲೂ ಎಸ್‌ಎಸ್‌ಎಚ್ ಕೊಟ್ಟಿದ್ದಾರೆ. ಮುಂಬೈಗೆ ಹೋದಾಗ ಅದು ನನ್ನನ್ನು ಉಳಿಸಿದೆ.

ಇನ್ನು ಕಳ್ಳ ಯಾರು? ಸರ್ವರ್ ಲಾಗ್‌ನಲ್ಲಿ ‘ಇನ್‌ವ್ಯಾಲಿಡ್ ಯೂಸರ್’ ಅಂತ ಸಾಲು ಸಾಲು. ಹೆಸರು ನಾವು ಯಾವತ್ತೋ ಅಳಿಸಿದ್ದ ಹಳೇ ಬಿಲ್ಡ್ ಖಾತೆಯದು. ಮೂಲೆಯಲ್ಲಿದ್ದ ಬಿಲ್ಡ್ ಮಷಿನ್‌ನ (ಕೋಡನ್ನು ಪ್ರೋಗ್ರಾಮ್ ಆಗಿ ಕಟ್ಟೋ ಕಂಪ್ಯೂಟರಿನ) ಕ್ರಾನ್, ಅಂದರೆ ಹೇಳಿದ ಸಮಯಕ್ಕೆ ತಾನಾಗಿ ಓಡೋ ಕೆಲಸ, ಅರ್ಧ ಗಂಟೆಗೊಮ್ಮೆ ಆರೇಳು ರೆಪೋಗಳನ್ನು (ಕೋಡ್ ಸಂಗ್ರಹಗಳನ್ನು) ಆ ಹೆಸರಲ್ಲೇ ಫೆಚ್ ಮಾಡಲು ಹೋಗುತ್ತಿತ್ತು. ಫೇಲ್‌ಟುಬ್ಯಾನ್‌ನ ಡೀಫಾಲ್ಟ್ ಮಿತಿ ಐದು ತಪ್ಪು ಪ್ರಯತ್ನ. ಮೊದಲ ನಿಮಿಷದಲ್ಲೇ ಇಡೀ ಆಫೀಸಿಗೆ ಬ್ಯಾನ್. ಲಾಗ್‌ನ ಸಮಯ ಮತ್ತು ಕ್ರಾನ್‌ನ ಸಮಯವನ್ನು ಒಟ್ಟಿಗೆ ಜೋಡಿಸಿ ತೋರಿಸೋ ಸ್ಕ್ರಿಪ್ಟ್ ಒಂದಿದೆ. ಅದನ್ನು ಇಲ್ಲಿ ಕೊಡುವುದಿಲ್ಲ, ಅದೇ ನನ್ನ ಈಗಿನ ಹೊಟ್ಟೆಪಾಡು.

ರಿಮೋಟ್ ಯುಆರ್‌ಎಲ್‌ನಲ್ಲಿ ಯೂಸರ್ ಹೆಸರು ಬದಲಿಸಿದೆ, ಹೊಸ ಕೀ ಹಾಕಿದೆ. ಇಷ್ಟಕ್ಕೆ ಖರ್ಚು ಸೊನ್ನೆ. ಅದಾದ ಮೇಲೆ ಸ್ಟ್ಯಾಟಿಕ್ ಐಪಿಯನ್ನು ಫೇಲ್‌ಟುಬ್ಯಾನ್‌ನ ಇಗ್ನೋರ್ ಪಟ್ಟಿಗೂ (ಯಾವತ್ತೂ ತಡೆಯದ ಐಪಿಗಳ ಪಟ್ಟಿಗೂ) ಸೇರಿಸಿದೆ, ಆ ಮೂರು ಸಾವಿರ ಹಾಗಾದರೂ ಕೆಲಸಕ್ಕೆ ಬಂತು. ಈ ಕ್ರಮ ಮಾತ್ರ ತಿರುಗಿಸಬೇಡಿ. ಮೊದಲೇ ಇಗ್ನೋರ್ ಮಾಡಿದ್ದರೆ ಬ್ಯಾನ್ ನಿಲ್ಲುತ್ತಿತ್ತು, ಆದರೆ ಬಿಲ್ಡ್ ಮಷಿನ್‌ಗೆ ತಿಂಗಳುಗಟ್ಟಲೆ ಹೊಸ ಕೋಡೇ ಬರುತ್ತಿಲ್ಲ ಅನ್ನೋದು ಯಾರಿಗೂ ಗೊತ್ತಾಗುತ್ತಿರಲಿಲ್ಲ.