ವಂಗಾರಿ ಮಾಥಾಯ್ ಉಪನ್ಯಾಸ: ನೊಬೆಲ್ ಬಿಟ್ಟು ಸಂಬಳದಿಂದ ಶುರು ಮಾಡಿದಾಗ

ಕೆನ್ಯಾದ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ 2004ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಮೊದಲು ಹೇಳಿ ಆಮೇಲೆ ಹಿಂದಕ್ಕೆ ಹೋಗುತ್ತಾರೆ. ನಾನು ಅವರ ಬದುಕನ್ನು ಸಂಬಳ ಮತ್ತು ನೌಕರಿಯ ಲೆಕ್ಕದಲ್ಲಿ ಹೇಳುತ್ತೇನೆ ಅಂದಾಗ ಜೊತೆಯ ಉಪನ್ಯಾಸಕರು ಯಾರೂ ಒಪ್ಪಲಿಲ್ಲ. ಸೋಲುಗಳನ್ನೇ ಮುಕ್ಕಾಲು ಗಂಟೆ ಯಾರು ಕೇಳುತ್ತಾರೆ ಎಂಬುದು ಅವರ ವಾದ. ಈಗ ಉಪನ್ಯಾಸ ಮುಗಿದರೂ ಜನ ಏಳುವುದಿಲ್ಲ, ಹಾಗಾಗಿ ಕ್ರಮವನ್ನು ಬರೆದಿಡುತ್ತಿದ್ದೇನೆ.

ಒಂದು ದೊಡ್ಡ ಕಂದು ಕಾಗದ, ಅದರ ಮೇಲೆ ಮೂರು ಅಡ್ಡ ಸಾಲು. ಮೇಲಿನದರಲ್ಲಿ ಸಂಬಳ ಯಾರದು, ನಡುವಿನದರಲ್ಲಿ ಕೆಲಸ ಏನು, ಕೆಳಗಿನದರಲ್ಲಿ ಕಳೆದುಕೊಂಡದ್ದು ಏನು. ಎಲ್ಲ ಮೊದಲೇ ತುಂಬಿಸಿದ ಫ್ಲೆಕ್ಸ್ ಮಾಡಿಸಿದರೆ ದುಡ್ಡು ದಂಡ. ಕೇಳುಗರ ಕಣ್ಣು ನೇರವಾಗಿ ಕೊನೆಯ ಇಸವಿಗೆ ಹೋಗಿ ಕೂರುತ್ತದೆ. ಮಾತಾಡುತ್ತ ಬರೆಯಬೇಕು.

ಹುಟ್ಟಿಗೂ ಓದಿಗೂ ಸೇರಿ ಐದು ನಿಮಿಷ ಸಾಕು. 1940, ಕೆನ್ಯಾದ ನ್ಯೇರಿ ಸೀಮೆಯ ಇಹಿತೆ. ಅಮೆರಿಕದಲ್ಲಿ ಬಿಎಸ್ಸಿ, ಎಂಎಸ್ಸಿ. 1971ರಲ್ಲಿ ನೈರೋಬಿ ವಿಶ್ವವಿದ್ಯಾಲಯದಿಂದ ಪಶುವೈದ್ಯಕೀಯ ಅಂಗರಚನೆಯಲ್ಲಿ ಪಿಎಚ್‌ಡಿ. ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲಿ ಈ ಪದವಿ ಪಡೆದ ಮೊದಲ ಹೆಂಗಸು.

ನಿಧಾನಿಸಬೇಕಾದದ್ದು ಉಣುಗಿನ ಹತ್ತಿರ. ಈಸ್ಟ್ ಕೋಸ್ಟ್ ಜ್ವರ ದನಗಳನ್ನು ಕೊಲ್ಲುವ ರೋಗ, ಹರಡುವುದು ಉಣುಗು. ಆ ಸಂಶೋಧನೆಗೆಂದು ಹಳ್ಳಿಗಳಲ್ಲಿ ದನದ ಮೈಯಿಂದ ಉಣುಗು ಆರಿಸುತ್ತಿದ್ದ ಪ್ರಾಧ್ಯಾಪಕಿಗೆ ಬೇರೆಯದೇ ಕಂಡಿತು: ಮಳೆ ಬಂದರೆ ಹೊಳೆಯ ನೀರು ಕೆಂಪಾಗಿ ಮಣ್ಣು ಹೊತ್ತು ಹೋಗುತ್ತಿದೆ, ಹುಲ್ಲಿಲ್ಲ, ದನಗಳ ಪಕ್ಕೆಲುಬು ಎಣಿಸಬಹುದು. ದನಕ್ಕೆ ಉಣುಗಿಗಿಂತ ದೊಡ್ಡ ಕುತ್ತು ಹಾಳಾಗುತ್ತಿರುವ ನೆಲ ಎಂಬ ತೀರ್ಮಾನ ಹುಟ್ಟಿದ್ದು ಅಲ್ಲಿ. ವಿಜ್ಞಾನ ಬಿಟ್ಟು ರಾಜಕೀಯಕ್ಕೆ ಹೋದರು ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು. ವಿಜ್ಞಾನವೇ ಅವರನ್ನು ಅತ್ತ ನಡೆಸಿತು.

ನಂತರ ಅವರ ಮೊದಲ ಪ್ರಯತ್ನಗಳು ಸೋತ ಕಥೆ. ಎನ್ವಿರೋಕೇರ್ ಎಂಬ ಸಂಸ್ಥೆ ಕಟ್ಟಿ, ಬಡವರಿಂದ ಉಳ್ಳವರ ತೋಟಗಳಲ್ಲಿ ಕೆಲಸ ಮಾಡಿಸಿ ಕೂಲಿ ಕೊಡುವ ಯೋಜನೆ ಹಾಕಿದರು. ಬಡವರಿಗೆ ಕೂಲಿ ಅಂದಿನದು ಅಂದೇ ಬೇಕು, ಉಳ್ಳವರು ಮುಂಗಡ ಕೊಡಲೊಲ್ಲರು. ಅದು ನಿಂತಿತು. 1977ರ ಜೂನ್ 5ರಂದು ನೈರೋಬಿಯ ಕಾಮುಕುಂಜಿಯಲ್ಲಿ ನೆಟ್ಟ ಏಳು ಗಿಡಗಳಲ್ಲಿ ಉಳಿದದ್ದು ಎರಡು, ನಮ್ಮಲ್ಲಿ ನೀರುಕಾಯಿ ಅನ್ನುವ ಜಾತಿ. ಏಳರಲ್ಲಿ ಎರಡು ಅಂದ ಕೂಡಲೇ ಗಿಡ ನೆಟ್ಟು ಗೊತ್ತಿರುವವರು ತಲೆಯಾಡಿಸುತ್ತಾರೆ.

ಹಾಗೆ ಶುರುವಾದದ್ದು ಹಳ್ಳಿಯ ಹೆಂಗಸರಿಂದ ಗಿಡ ನೆಡಿಸುವ ಗ್ರೀನ್ ಬೆಲ್ಟ್ ಚಳವಳಿ; ಅದು ಉಳಿದದ್ದು ಹಣ ಕೊಡುವ ಕ್ರಮದಿಂದ. ನೆಟ್ಟದ್ದಕ್ಕಲ್ಲ, ನೆಟ್ಟು ಬದುಕಿದ ಸಸಿಗೆ ಮಾತ್ರ, ತಲಾ ಸುಮಾರು 4 ಅಮೆರಿಕನ್ ಸೆಂಟ್. ಇದನ್ನು ಬಾಯಲ್ಲಿ ಹೇಳಿದರೆ ನಾಟುವುದಿಲ್ಲ, ಲೆಕ್ಕ ಹಾಕಿಸಿ. ಸಾವಿರ ಸಸಿಯ ಸಾಲು, ಎಲ್ಲ ಬದುಕಿದರೆ 40 ಡಾಲರ್, ಏಳುನೂರು ಬದುಕಿದರೆ 28. ನೀರು ಯಾರು ಹೊರುತ್ತಾರೆ, ಮೇಕೆ ಯಾರು ಕಾಯುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಆ 12 ಡಾಲರ್‌ನಲ್ಲಿದೆ. ಅರಣ್ಯ ಇಲಾಖೆ ಮೊದಲು ಸಸಿ ಪುಕ್ಕಟೆ ಅಂದಿತ್ತು; ಬೇಡಿಕೆ ಏರಿದ್ದೇ ದರ ಕೇಳಿತು. ಆಗ ಹೆಂಗಸರು ತಾವೇ ಬೀಜ ಆರಿಸಿ, ಒಡೆದ ಮಡಕೆಯಲ್ಲಿ ಸಸಿ ಎಬ್ಬಿಸಿ, ಕೋಳಿಗೆ ಎಟುಕದಷ್ಟು ಎತ್ತರದಲ್ಲಿಟ್ಟರು. 1981ರ ಸುಮಾರಿಗೆ ವಿಶ್ವಸಂಸ್ಥೆಯ ಮಹಿಳಾ ನಿಧಿಯಿಂದ ಒಂದು ಲಕ್ಷ ಇಪ್ಪತ್ತು ಸಾವಿರ ಡಾಲರ್ ಚಿಲ್ಲರೆ ಬಂತು. ಅದನ್ನು ನಾಲ್ಕು ಸೆಂಟಿನಿಂದ ಭಾಗ ಮಾಡಿಸಿ ನೋಡಿ, ಮೂವತ್ತು ಲಕ್ಷ ಸಸಿ! ತಪಾಸಣೆ, ಸಾಗಾಟ ಕಳೆಯಬೇಕೆಂದು ಯಾರಾದರೂ ತಾವಾಗಿ ಹೇಳುತ್ತಾರೆ. ಹೇಳದಿದ್ದರೆ ಹೇಳಿಸುವ ಉಪಾಯ ಒಂದಿದೆ, ಅದು ನನ್ನಲ್ಲೇ ಇರಲಿ.

1982ಕ್ಕೆ ಬಂದಾಗ ಕೆಳಗಿನ ಸಾಲು ತುಂಬುತ್ತದೆ. ಸಂಸತ್ತಿಗೆ ನಿಲ್ಲಲು ವಿಶ್ವವಿದ್ಯಾಲಯದ ಹುದ್ದೆಗೆ ರಾಜೀನಾಮೆ ಕೊಡಬೇಕಿತ್ತು, ಕೊಟ್ಟರು. ಮತದಾರರ ನೋಂದಣಿ ಸರಿಯಿಲ್ಲವೆಂದು ಉಮೇದುವಾರಿಕೆ ಅನರ್ಹವಾಯಿತು. ಹಿಂದಿರುಗಿದರೆ ಹುದ್ದೆ ಇಲ್ಲ, ಮನೆಯೂ ಬಿಡಬೇಕು. ವಿಭಾಗದ ಮುಖ್ಯಸ್ಥೆಯಾಗಿದ್ದವರ ಮೇಲಿನ ಸಾಲು ಇಲ್ಲಿ ಖಾಲಿ. ಖಾಲಿಯಾಗಿಯೇ ಬಿಡಿ, ಗೀಟು ಹಾಕಬೇಡಿ.

ಒಮ್ಮೆ 1999ರಲ್ಲಿ ನೈರೋಬಿಯ ಕರೂರ ಅರಣ್ಯದಲ್ಲಿ ಗಿಡ ನೆಡಲು ಹೋದಾಗ ಅವರ ಮೇಲಾದ ಹಲ್ಲೆಯಿಂದ ಶುರು ಮಾಡುವ ಪ್ರಯೋಗವನ್ನೂ ನಡೆಸಿದೆ. ಕೇಳುಗರು ಕಾತರದಿಂದ ಕೂರುತ್ತಾರೆ ನಿಜ, ಆದರೆ ಸಸಿಯ ಲೆಕ್ಕ ಬಂದಾಗ ಯಾರಿಗೂ ಬೇಕಿರುವುದಿಲ್ಲ. ಅದಕ್ಕಿಂತ 1989ರ ಉಹುರು ಪಾರ್ಕ್ ಒಳ್ಳೆಯದು: ನೈರೋಬಿಯ ಆ ಉದ್ಯಾನದಲ್ಲಿ ಕಟ್ಟಲು ಹೊರಟಿದ್ದ ಅರವತ್ತು ಅಂತಸ್ತಿನ ಕಟ್ಟಡ, ಸುಮಾರು ಇಪ್ಪತ್ತು ಕೋಟಿ ಡಾಲರ್, ಎದುರಿಗೆ ಅವರು ಬರೆದ ಪತ್ರಗಳು. ಸಂಸತ್ತಿನಲ್ಲಿ ಅವರನ್ನು ಹೀಯಾಳಿಸಿದರು, ಚಳವಳಿಯ ಕಚೇರಿಯನ್ನು ಸರ್ಕಾರಿ ಕಟ್ಟಡದಿಂದ ತೆರವು ಮಾಡಿಸಿದರು. ಕಚೇರಿ ಮನೆಗೆ ಬಂತು. ಕಟ್ಟಡ ಏಳಲಿಲ್ಲ.

ಚುನಾವಣೆಗಳನ್ನು ಬೇಗ ಬೇಗ ಬರೆಯಿರಿ: 1997ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸೋಲು, 2002ರಲ್ಲಿ ಟೇಟು ಕ್ಷೇತ್ರದಲ್ಲಿ ಶೇ. 98ರಷ್ಟು ಮತ. 2003ರ ಜನವರಿಯಿಂದ 2005ರ ನವೆಂಬರ್ ತನಕ ಪರಿಸರ ಖಾತೆಯಲ್ಲಿ ಸಹಾಯಕ ಮಂತ್ರಿ. ‘ಪರಿಸರ ಮಂತ್ರಿ’ ಎಂದು ಎಲ್ಲೆಡೆ ಅಚ್ಚಾಗಿದೆ, ನೀವು ಹಾಗನ್ನಬೇಡಿ. ನೊಬೆಲ್ ಅದರ ನಡುವೆ ಬರುವ ಒಂದು ಇಸವಿ, ಅಷ್ಟೇ ಜಾಗ ಕೊಡಿ. 2007ರಲ್ಲಿ ಪಕ್ಷದ ಟಿಕೆಟ್ ಸಿಗಲಿಲ್ಲ, ಚಿಕ್ಕ ಪಕ್ಷದಿಂದ ನಿಂತು ಸೋತರು. ನೊಬೆಲ್ ಬಂದು ಮೂರೇ ವರ್ಷಕ್ಕೆ ಸ್ವಂತ ಊರಿನ ಕ್ಷೇತ್ರ ಕೈ ಬಿಟ್ಟಿತೇ ಎಂದು ಸಭೆಯಲ್ಲಿ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ. ಆ ಚರ್ಚೆಗೆ ಹತ್ತು ನಿಮಿಷವಾದರೂ ಉಳಿಸಿಕೊಂಡಿರಿ, 2011ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡದ್ದನ್ನು ಅದಾದ ಮೇಲೆ ಬರೆದರಾಯಿತು.