ಮನೆಯ ನಾಯಿ, ಮನೆಯವರ ಗಡಿಯಾರ

ನಾಯಿಮರಿ ತರಬೇಕೆಂದು ಸಲಹೆ ಕೇಳಲು ಬರುವವರನ್ನು ನಾನು ತಳಿ ಯಾವುದು, ಬಣ್ಣ ಯಾವುದು ಎಂದು ವಿಚಾರಿಸುವುದಿಲ್ಲ. ಮರಿ ಬಂದ ಮೊದಲ ತಿಂಗಳು ರಾತ್ರಿ 2 ಗಂಟೆಗೆ ಎದ್ದು ಅದನ್ನು ಹೊರಗೆ ಕರೆದೊಯ್ಯುವವರು ನಿಮ್ಮಲ್ಲಿ ಯಾರು ಎಂದು ಕೇಳುತ್ತೇನೆ. ಈ ಪ್ರಶ್ನೆಗೆ ಮನೆಮಂದಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರೆ, ಇನ್ನೊಂದು ವರ್ಷ ಕಾಯುವುದು ಒಳ್ಳೆಯದು. ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಒಂದರ ನಂತರ ಒಂದರಂತೆ ನಾಲ್ಕು ನಾಯಿಗಳು ನನ್ನ ಮನೆಯಲ್ಲಿ ಬಾಳಿ ಹೋಗಿವೆ. ಮೊದಲನೆಯದನ್ನು ಸಾಕುವಾಗ ನಾನು ಅದರ ತಪ್ಪುಗಳನ್ನು ಎಣಿಸುತ್ತಿದ್ದೆ. ನಾಲ್ಕನೆಯದು ಬರುವ ಹೊತ್ತಿಗೆ, ಆ ತಪ್ಪುಗಳಲ್ಲಿ ಬಹುಪಾಲು ನನ್ನ ಸಮಯಪಾಲನೆಯವೇ ಎಂಬುದು ಮನದಟ್ಟಾಗಿತ್ತು. ಊಟ ತಡವಾದದ್ದು, ಹೊರಗೆ ಕರೆದೊಯ್ಯಲು ಮರೆತದ್ದು, ಲಸಿಕೆಯ ದಿನ ದಾಟಿದ್ದು, ಇವೆಲ್ಲ ನಾಯಿಯ ಮೂಲಕ ಬೇರೆ ರೂಪದಲ್ಲಿ ಹೊರಗೆ ಬರುತ್ತವೆ, ಅಷ್ಟೆ.

ಮರಿಗೆ 8 ವಾರ ತುಂಬುವ ಮೊದಲು ಅದನ್ನು ತಾಯಿಯಿಂದ ಬೇರ್ಪಡಿಸಬಾರದು. ಎಷ್ಟು ಚಿಕ್ಕದನ್ನು ತಂದರೆ ಅಷ್ಟು ಬೇಗ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ತಪ್ಪು. ಜೊತೆಯ ಮರಿಗಳೊಡನೆ ಕಚ್ಚಾಡುತ್ತ, ಜೋರಾಗಿ ಕಚ್ಚಿದಾಗ ಆಟ ನಿಂತುಹೋಗುವುದನ್ನು ಕಾಣುತ್ತಲೇ ಮರಿ ತನ್ನ ಹಲ್ಲಿನ ಹದವನ್ನು ಕಲಿಯುತ್ತದೆ. ಈ ಪಾಠವನ್ನು ನಾವು ಅಷ್ಟು ಚೆನ್ನಾಗಿ ಹೇಳಿಕೊಡಲಾರೆವು. ಸುಮಾರು 3ನೆಯ ವಾರದಿಂದ 14ನೆಯ ವಾರದವರೆಗೆ ಕಂಡದ್ದು ಕೇಳಿದ್ದೆಲ್ಲ ಅದಕ್ಕೆ ಸಹಜವಾಗಿ ಒಗ್ಗಿಹೋಗುತ್ತದೆ, ಆ ಬಳಿಕ ಹೊಸತೆಲ್ಲವೂ ಮೊದಲು ಅನುಮಾನವನ್ನೇ ಹುಟ್ಟಿಸುತ್ತದೆ. ಬಿಚ್ಚಿದ ಕೊಡೆ, ಹೆಲ್ಮೆಟ್ ಹಾಕಿದ ಮುಖ, ಕೋಲೂರಿ ನಡೆಯುವವರು, ಮಿಕ್ಸಿಯ ಸದ್ದು, ಓಡಾಡುವ ಮಕ್ಕಳು, ಇವುಗಳನ್ನೆಲ್ಲ ಈ ವಾರಗಳಲ್ಲಿ ಸಮಾಧಾನದಿಂದ ಪರಿಚಯಿಸಬೇಕು. ಲಸಿಕೆಗಳು ಮುಗಿಯುವ ಮೊದಲು ಬೀದಿಯ ನೆಲಕ್ಕೆ ಬಿಡಬಾರದು ಎಂಬುದು ನಿಜವೇ, ಆದರೆ ತೋಳಿನಲ್ಲಿ ಎತ್ತಿಕೊಂಡು ಹೋಗಿ ತೋರಿಸಲು ಯಾವ ಅಡ್ಡಿಯೂ ಇಲ್ಲ. ನನ್ನ ಎರಡನೆಯ ನಾಯಿಯನ್ನು ರೋಗದ ಭಯದಿಂದ 5 ತಿಂಗಳು ಬಾಗಿಲಾಚೆ ಬಿಡಲಿಲ್ಲ; ಅದು ರೋಗವಿಲ್ಲದೆ ಬದುಕಿತು, ಆದರೆ ಯಾರಾದರೂ ಕೊಡೆ ಬಿಚ್ಚಿದರೆ 11ನೆಯ ವಯಸ್ಸಿನಲ್ಲಿಯೂ ಮಂಚದಡಿ ನುಗ್ಗುತ್ತಿತ್ತು.

ಮನೆಯೊಳಗೆ ಮೂತ್ರ ಮಾಡುವ ವಿಷಯವೇ ಹೊಸಬರನ್ನು ಹೆಚ್ಚು ಕಂಗೆಡಿಸುವುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ, ಅದು ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು. 2 ತಿಂಗಳ ಮರಿ 3 ಗಂಟೆ. ಇದು ಮಲಗಿರುವಾಗಿನ ಲೆಕ್ಕ. ಎದ್ದು ಆಡುತ್ತಿರುವಾಗ ಮುಕ್ಕಾಲು ಗಂಟೆಗೊಮ್ಮೆ ಹೊರಗೆ ಕರೆದೊಯ್ದರೂ ಹೆಚ್ಚಾಗದು. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕೆಲವು ನಿಮಿಷಗಳಲ್ಲಿ ಮತ್ತು ಆಟ ನಿಲ್ಲಿಸಿ ನೆಲ ಮೂಸುತ್ತ ಸುತ್ತತೊಡಗಿದಾಗ, ಈ ಮೂರು ಹೊತ್ತುಗಳನ್ನು ತಪ್ಪಿಸಿಕೊಳ್ಳದವರ ಮನೆಯಲ್ಲಿ ಕೆಲವೇ ವಾರಗಳಲ್ಲಿ ನೆಲ ಒಣಗಿರುತ್ತದೆ. ಪ್ರತಿಸಲವೂ ಒಂದೇ ಜಾಗಕ್ಕೆ ಕರೆದೊಯ್ಯಿರಿ, ಕೆಲಸ ಮುಗಿದ ಒಂದೆರಡು ಕ್ಷಣದೊಳಗೆ ಅಲ್ಲಿಯೇ ಮೆಚ್ಚುಗೆಯ ಮಾತನ್ನೂ ಒಂದು ಚೂರು ತಿನಿಸನ್ನೂ ಕೊಡಿರಿ. ಮನೆಯೊಳಗೆ ಬಂದ ಮೇಲೆ ಕೊಟ್ಟರೆ, ಒಳಗೆ ಬಂದದ್ದಕ್ಕೆ ತಿನಿಸು ಸಿಕ್ಕಿತೆಂದು ಮರಿ ತಿಳಿಯುತ್ತದೆ. ಒಳಗೆ ಒದ್ದೆಯಾದ ಜಾಗವನ್ನು ಅಮೋನಿಯಾ ಇರುವ ದ್ರಾವಣದಿಂದ ಒರೆಸಬಾರದು, ಏಕೆಂದರೆ ಅದರ ವಾಸನೆ ಮೂತ್ರದ ವಾಸನೆಯನ್ನೇ ಹೋಲುತ್ತದೆ. ಸಾಕುಪ್ರಾಣಿಗಳ ಕಲೆಗಾಗಿಯೇ ಮಾಡಿದ, ಎನ್‌ಜೈಮ್ ಇರುವ ದ್ರಾವಣ ದೊರೆತರೆ ಅದು ವಾಸನೆಯ ಮೂಲವನ್ನೇ ಒಡೆಯುತ್ತದೆ.

ಆಫೀಸಿನಿಂದ ಬಂದಾಗ ಹರಿದ ದಿಂಬಿನ ಪಕ್ಕದಲ್ಲಿ ತಲೆ ತಗ್ಗಿಸಿ, ಕಿವಿ ಮಡಿಚಿ ಕುಳಿತ ನಾಯಿಯನ್ನು ಕಂಡು, 'ನೋಡಿ, ತಾನು ಮಾಡಿದ್ದು ತಪ್ಪೆಂದು ಅದಕ್ಕೇ ಗೊತ್ತು' ಎನ್ನುವವರು ಬಹಳ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಯಿ ನಿಜವಾಗಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದಕ್ಕೂ ಈ ಮುಖಭಾವಕ್ಕೂ ಸಂಬಂಧ ಕಾಣಲಿಲ್ಲ. ಒಡೆಯರು ಗದರಿದಾಗ ಅದು ಕಾಣಿಸಿಕೊಂಡಿತು, ತಪ್ಪೇ ಮಾಡದ ನಾಯಿಗಳಲ್ಲಿಯೂ. ಅಂದರೆ ನಾವು ಪಶ್ಚಾತ್ತಾಪವೆಂದು ಓದುವುದು ನಮ್ಮ ಸಿಟ್ಟಿಗೆ ಅದು ತೋರುವ ಅಂಜಿಕೆ. ಗಂಟೆಗಳ ಹಿಂದೆ ಹರಿದ ದಿಂಬಿಗಾಗಿ ಈಗ ಹೊಡೆದರೆ, ನೀವು ಬಾಗಿಲು ತೆರೆಯುವುದೇ ಅಪಾಯದ ಸೂಚನೆ ಎಂಬುದನ್ನು ಮಾತ್ರ ನಾಯಿ ಕಲಿಯುತ್ತದೆ. ಇಡೀ ದಿನ ಒಂಟಿಯಾಗಿ ಬಿಟ್ಟು ಹೋದದ್ದೇ ದಿಂಬು ಹರಿಯಲು ಕಾರಣವಿರಬಹುದು. ಹೊರಡುವ ಮೊದಲು ಅರ್ಧ ಗಂಟೆಯ ನಡಿಗೆ, ಜಗಿಯಲು ಗಟ್ಟಿ ಆಟಿಕೆ, ಮಧ್ಯಾಹ್ನ ಬಂದು ನೋಡಿಕೊಳ್ಳುವ ಒಬ್ಬರು, ಇಷ್ಟಾದರೆ ದಿಂಬುಗಳು ಉಳಿಯುತ್ತವೆ. 4ರಿಂದ 7 ತಿಂಗಳ ನಡುವೆ ಹಾಲುಹಲ್ಲು ಉದುರಿ 42 ಹಲ್ಲುಗಳು ಮೂಡುವ ಹೊತ್ತಿನಲ್ಲಂತೂ ಒಸಡಿನ ನವೆಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ, ಚಪ್ಪಲಿಗಳನ್ನು ಮೇಲಿಡಬೇಕಾದವರು ನಾವೇ.

ಗುರುಗುಟ್ಟುವುದಕ್ಕೆ ಶಿಕ್ಷೆ ಕೊಡಬೇಡಿರಿ. ಈ ಮಾತನ್ನು ನಾನು ಎಷ್ಟು ಸಲ ಹೇಳಿದರೂ ಹಿರಿಯರು ಒಪ್ಪುವುದಿಲ್ಲ, ನಾಯಿ ಎದುರಾಡಿದಂತೆ ಅವರಿಗೆ ತೋರುತ್ತದೆ. ಗುರುಗುಟ್ಟುವುದು ಕಚ್ಚುವ ಮೊದಲು ಅದು ಕೊಡುವ ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ ಎಚ್ಚರಿಕೆ ನಿಲ್ಲುತ್ತದೆ, ಅದರ ಹಿಂದಿನ ಭಯವಾಗಲಿ ನೋವಾಗಲಿ ನಿಲ್ಲುವುದಿಲ್ಲ. ಸದ್ದಿಗೂ ಮೊದಲು ಬರುವ ಸೂಚನೆಗಳಿವೆ: ನಿದ್ದೆಯಿಲ್ಲದ ಹೊತ್ತಿನಲ್ಲಿ ಆಕಳಿಸುವುದು, ತಿನಿಸಿಲ್ಲದೆ ತುಟಿ ನೆಕ್ಕಿಕೊಳ್ಳುವುದು, ಮುಖ ಅತ್ತ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಮೈ ಇದ್ದಕ್ಕಿದ್ದಂತೆ ಸೆಟೆದು ನಿಲ್ಲುವುದು. ಬಾಲ ಅಲ್ಲಾಡಿಸುತ್ತಿದೆ ಎಂದಮಾತ್ರಕ್ಕೆ ಸ್ನೇಹವೆಂದು ತಿಳಿಯಬಾರದು. ಮೈಯೆಲ್ಲ ಸಡಿಲವಾಗಿ ಬಾಲವೂ ಬಳುಕಿದರೆ ಸ್ನೇಹ, ಮೈ ಬಿಗಿದು ಬಾಲ ಮೇಲೆತ್ತಿ ಚುರುಕಾಗಿ ಅದುರಿದರೆ ಅದು ಕೆರಳಿದ ಸೂಚನೆ. ಉಣ್ಣುವಾಗ, ಮಲಗಿರುವಾಗ, ಮರಿಗಳೊಡನಿರುವಾಗ ನಾಯಿಯ ಹತ್ತಿರ ಹೋಗಬಾರದೆಂಬುದನ್ನು ಮಕ್ಕಳಿಗೆ ಮಾತು ಕಲಿಸುವಾಗಲೇ ಕಲಿಸಬೇಕು, ಮತ್ತು ಎಷ್ಟೇ ಸಾಧುವಾದ ನಾಯಿಯಿರಲಿ, ಎಳೆಯ ಮಗುವಿನೊಡನೆ ಅದನ್ನು ಒಂಟಿಯಾಗಿ ಬಿಡಬಾರದು.

ಲಸಿಕೆಯ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಮೊದಲನೆಯದು 6ರಿಂದ 8 ವಾರದಲ್ಲಿ ಆರಂಭವಾಗಿ, 16 ವಾರದವರೆಗೆ ಕೆಲವು ವಾರಗಳಿಗೊಮ್ಮೆ ಮತ್ತೆ ಮತ್ತೆ ಕೊಡುವುದನ್ನು ಕಂಡು ಇದು ದುಡ್ಡಿನಾಸೆ ಎನ್ನುವವರಿದ್ದಾರೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿರುವಷ್ಟು ಕಾಲ ಲಸಿಕೆಯನ್ನು ಅದು ಕೆಲಸ ಮಾಡಗೊಡುವುದಿಲ್ಲ. ಆ ರಕ್ಷಣೆ ಯಾವ ವಾರ ಇಳಿಯುತ್ತದೆ ಎಂಬುದು ಒಂದೊಂದು ಮರಿಗೆ ಒಂದೊಂದು ರೀತಿಯಾದ್ದರಿಂದ, ಯಾವುದಾದರೂ ಒಂದು ಚುಚ್ಚುಮದ್ದು ಸರಿಯಾದ ಹೊತ್ತಿಗೆ ಬೀಳಲಿ ಎಂದು ಸರಣಿಯಾಗಿ ಕೊಡುತ್ತಾರೆ. ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ವೈರಸ್ ರೋಗಗಳು ಮರಿಗಳನ್ನು ದಿನಗಳ ಲೆಕ್ಕದಲ್ಲಿ ಕೊಲ್ಲುತ್ತವೆ. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ 3 ತಿಂಗಳ ವಯಸ್ಸಿನಲ್ಲಿ ಕೊಟ್ಟು, ಒಂದು ವರ್ಷದ ನಂತರ ಮತ್ತೆ ಕೊಟ್ಟು, ಅಲ್ಲಿಂದ ಮುಂದೆ ವೈದ್ಯರು ಹೇಳಿದ ಅವಧಿಯಂತೆ ಮುಂದುವರಿಸಬೇಕು. ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ 9 ವರ್ಷದ ಹುಡುಗನೊಬ್ಬನಿಗೆ ಮೊದಲ ಲಸಿಕೆ ಕೊಡಿಸಿದ್ದು 1885ರ ಜುಲೈ 6ರಂದು. ಇಷ್ಟು ಕಾಲ ಕಳೆದರೂ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಯಾವ ನಾಯಿಯೇ ಕಚ್ಚಲಿ, ಪರಚಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣಬೇಕು. ಗಾಯಕ್ಕೆ ಸುಣ್ಣ, ಖಾರ, ಎಣ್ಣೆ ಯಾವುದನ್ನೂ ಹಚ್ಚಬಾರದು. ಜಂತುಹುಳದ ಔಷಧವನ್ನೂ ಮರೆಯಬಾರದು. ಮರಿಗಳು ಹುಟ್ಟುವಾಗಲೇ ತಾಯಿಯಿಂದ ಹುಳಗಳನ್ನು ಪಡೆದಿರಬಹುದು, ನಾಯಿಯ ಹುಳದ ಮೊಟ್ಟೆ ಮಣ್ಣಿನಿಂದ ಮಕ್ಕಳ ಬಾಯಿಗೆ ಹೋದರೆ ಕಣ್ಣಿಗೂ ತೊಂದರೆಯಾಗಬಹುದು.

ಊಟ ದಿನಕ್ಕೆರಡು ಸಲ, ಅದೇ ಹೊತ್ತಿಗೆ, ಅಳತೆ ಮಾಡಿ. ಮರಿಗಳಿಗೆ ಮೂರು ನಾಲ್ಕು ಸಲ. ನನ್ನ ಮೂರನೆಯ ನಾಯಿ ಒಂದೇ ವರ್ಷದಲ್ಲಿ ಪೀಪಾಯಿಯಂತಾದಾಗ, ಮನೆಯ ಐವರೂ ತಾವು ಮಾತ್ರ ಒಂದು ತುಂಡು ಕೊಡುತ್ತೇವೆಂದು ತಿಳಿದು ದಿನವೂ ಐದು ತುಂಡು ಕೊಡುತ್ತಿದ್ದುದು ಬೆಳಕಿಗೆ ಬಂತು. ಆಗಿನಿಂದ ಬೆಳಗ್ಗೆಯೇ ದಿನದ ತಿನಿಸನ್ನು ಒಂದು ಡಬ್ಬಿಗೆ ಹಾಕಿಡುವ ಪದ್ಧತಿ ಮಾಡಿದೆ. ಯಾರು ಕೊಟ್ಟರೂ ಅದರಿಂದಲೇ, ಡಬ್ಬಿ ಖಾಲಿಯಾದರೆ ಮುಗಿಯಿತು. ಪಕ್ಕೆಯ ಮೇಲೆ ಬೆರಳಾಡಿಸಿದರೆ ಎಲುಬುಗಳು ಒತ್ತದೆಯೇ ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ತಕ್ಕಡಿಗಿಂತ ಇದು ಒಳ್ಳೆಯ ಪರೀಕ್ಷೆ. ಚಾಕೊಲೇಟ್‌ನಲ್ಲಿರುವ ಥಿಯೊಬ್ರೊಮಿನ್ ನಾಯಿಯ ಹೃದಯವನ್ನೂ ನರಗಳನ್ನೂ ಕೆರಳಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದರೂ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಸಕ್ಕರೆರಹಿತ ಚೂಯಿಂಗ್ ಗಮ್‌ಗಳಲ್ಲಿರುವ ಜೈಲಿಟಾಲ್ ರಕ್ತದ ಸಕ್ಕರೆಯನ್ನು ಹಠಾತ್ತಾಗಿ ಇಳಿಸುತ್ತದೆ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಾಯಿ ಕುಂಟುತ್ತಿದೆಯೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಮಾತ್ರೆಯನ್ನು ಮರುಕದಿಂದ ತಿನ್ನಿಸಬೇಡಿರಿ. ನಮ್ಮ ನೋವಿನ ಮಾತ್ರೆಗಳು ಅದಕ್ಕೆ ವಿಷ.

ನಡಿಗೆ ವ್ಯಾಯಾಮ ಮಾತ್ರವಲ್ಲ, ಅದು ನಾಯಿಯ ದಿನಪತ್ರಿಕೆ. ಕಂಬಕಂಬಕ್ಕೂ ನಿಂತು ಮೂಸುವುದನ್ನು ಕಂಡು ಬೆಲ್ಟು ಜಗ್ಗಿ ಎಳೆದೊಯ್ಯುವವರಿಗಿಂತ, ನಿಲ್ಲಲು ಬಿಟ್ಟವರ ನಾಯಿ ಮನೆಗೆ ಬಂದು ನೆಮ್ಮದಿಯಾಗಿ ಮಲಗುತ್ತದೆ. ಬಿಸಿಲಿನ ದಿನಗಳಲ್ಲಿ ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲೆ 7 ಸೆಕೆಂಡು ಇಟ್ಟು ನೋಡಿರಿ. ನಿಮಗೆ ತಾಳದಿದ್ದರೆ ಅದರ ಪಾದಕ್ಕೂ ತಾಳದು. ನಾಯಿಗೆ ಮೈಯೆಲ್ಲ ಬೆವರುವ ಸೌಲಭ್ಯವಿಲ್ಲ, ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ಮುಖ್ಯ ತಂಪು. ಆದ್ದರಿಂದ ಪಗ್, ಬುಲ್‌ಡಾಗ್‌ಗಳಂಥ ಮೊಂಡುಮೂತಿಯ ತಳಿಗಳು ಬೇಗ ಸೋಲುತ್ತವೆ, ಮತ್ತು ನಿಲ್ಲಿಸಿದ ಕಾರಿನೊಳಗೆ, ಕಿಟಕಿ ಸ್ವಲ್ಪ ತೆರೆದಿದ್ದರೂ, ಯಾವ ನಾಯಿಯನ್ನೂ ಬಿಡಬಾರದು. ಜೊಲ್ಲು ಅಂಟಂಟಾಗಿ ನಾಯಿ ತೂರಾಡಿದರೆ ನೆರಳಿಗೆ ತಂದು, ತಣ್ಣೀರಿನಿಂದ ಮೈ ತೋಯಿಸುತ್ತ, ಗಾಳಿ ಹಾಕುತ್ತ ವೈದ್ಯರಲ್ಲಿಗೆ ಹೊರಡಬೇಕು.

ಬೀದಿಯಲ್ಲಿ ಹಗ್ಗ ಕೈಯಲ್ಲಿರಲಿ. 'ಏನೂ ಮಾಡುವುದಿಲ್ಲ ಬನ್ನಿ' ಎಂಬ ಮಾತು ನಾಯಿಗೆ ಹೆದರುವವರಿಗೆ ಉತ್ತರವಲ್ಲ. ನಮ್ಮ ನಾಯಿಯನ್ನು ಪ್ರೀತಿಸುವ ಬಾಧ್ಯತೆ ಯಾರಿಗೂ ಇಲ್ಲ, ಅದರಿಂದ ಅವರು ನಿಶ್ಚಿಂತರಾಗಿರುವಂತೆ ನೋಡಿಕೊಳ್ಳುವ ಬಾಧ್ಯತೆ ನಮಗಿದೆ. ಮಲವನ್ನು ಚೀಲದಲ್ಲಿ ಎತ್ತಿಕೊಳ್ಳುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ರಾತ್ರಿಯ ಬೊಗಳಿಕೆಯ ಬಗ್ಗೆ ನೆರೆಯವರು ದೂರಿದಾಗ ನಾನು ಮೊದಲು ಸಿಟ್ಟಾಗಿದ್ದೆ, ಆಮೇಲೆ ನಾಯಿ ಮಲಗುವ ಜಾಗವನ್ನು ಗೇಟಿನ ಪಕ್ಕದಿಂದ ಒಳಕೋಣೆಗೆ ಬದಲಿಸಿದೆ. ಅದಕ್ಕೆ ರಸ್ತೆ ಕಾಣದಂತಾಯಿತು, ಬೊಗಳಿಕೆ ಅರ್ಧಕ್ಕೂ ಹೆಚ್ಚು ತಗ್ಗಿತು.

ಮೈಯ ಆರೈಕೆಯಲ್ಲಿ ದಿನವೂ ಬಾಚುವುದೇ ಮುಖ್ಯ, ಸ್ನಾನ ಮೈ ಕೊಳೆಯಾದಾಗ ಸಾಕು. ಬಾಚುವಾಗ ಕಿವಿಯೊಳಗೆ, ಬೆರಳ ಸಂದಿಗಳಲ್ಲಿ, ಕತ್ತುಪಟ್ಟಿಯ ಕೆಳಗೆ ಉಣ್ಣಿ ಹುಡುಕಿರಿ. ಕಂಡರೆ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಬುಡದಲ್ಲಿ ಹಿಡಿದು ನೇರವಾಗಿ ಎಳೆಯಬೇಕು, ಸುಡುವುದು, ಸೀಮೆಎಣ್ಣೆ ಸುರಿಯುವುದು ಬೇಡ. ಮನೆಯಲ್ಲಿ ಬೆಕ್ಕೂ ಇದ್ದರೆ, ಪರ್ಮೆತ್ರಿನ್ ಇರುವ ನಾಯಿಯ ಉಣ್ಣಿಮದ್ದು ಬೆಕ್ಕನ್ನು ಕೊಲ್ಲಬಲ್ಲದೆಂಬುದು ನೆನಪಿರಲಿ. ಹಲ್ಲುಜ್ಜಲು ನಾಯಿಗಾಗಿಯೇ ಮಾಡಿದ ಪೇಸ್ಟ್ ಬಳಸಬೇಕು, ಅದು ಉಗುಳುವುದನ್ನು ಕಲಿಯುವುದಿಲ್ಲ.

ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆರಡು ಸಲ ಬೆದೆಗೆ ಬರುತ್ತದೆ, ಗರ್ಭ ಸುಮಾರು 63 ದಿನ. ಹುಟ್ಟುವ ಎಲ್ಲ ಮರಿಗಳಿಗೂ ಒಳ್ಳೆಯ ಮನೆ ಹುಡುಕುವ ಶಕ್ತಿಯಿಲ್ಲದವರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೇ ಸರಿ. ಮಾಡಿಸದ ಹೆಣ್ಣುನಾಯಿಗಳಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವೂ ಇದೆ; ನನ್ನ ಮೊದಲನೆಯದು ಹೋದದ್ದು ಅದರಿಂದಲೇ. ಅದು ಹೆಚ್ಚು ನೀರು ಕುಡಿಯತೊಡಗಿದ್ದನ್ನು ನಾನು ಬಿಸಿಲಿನ ಮೇಲೆ ಹಾಕಿ, ನಾಲ್ಕು ದಿನ ಕಳೆದೆ.

ಮುದಿ ನಾಯಿಯ ಮನೆಯಲ್ಲಿ ಗಡಿಯಾರವನ್ನು ಮತ್ತೆ ತಿದ್ದಬೇಕಾಗುತ್ತದೆ. ನುಣುಪು ನೆಲದ ಮೇಲೆ ಅದು ನಡೆದಾಡುವ ದಾರಿಯುದ್ದಕ್ಕೂ ಒರಟು ಚಾಪೆ ಹಾಸಿರಿ. ದೀರ್ಘ ನಡಿಗೆಯನ್ನು ಎರಡು ಮೂರು ಚಿಕ್ಕ ನಡಿಗೆಗಳಾಗಿ ಒಡೆಯಿರಿ. ವರ್ಷಕ್ಕೊಮ್ಮೆ ವೈದ್ಯರನ್ನು ಕಾಣುತ್ತಿದ್ದರೆ ಆರು ತಿಂಗಳಿಗೊಮ್ಮೆ ಕಾಣಿರಿ. ಇಷ್ಟು ವರ್ಷ ನೆಲ ಒದ್ದೆ ಮಾಡದಿದ್ದ ನಾಯಿ ಈಗ ಮಾಡಿದರೆ ಅದು ಮೊಂಡಾಟವಲ್ಲ, ಮೂತ್ರಪಿಂಡವನ್ನೋ ಸಕ್ಕರೆಯನ್ನೋ ಪರೀಕ್ಷಿಸಬೇಕೆಂಬ ಸೂಚನೆ. ಮರಿಗೆ ಮಾಡಿದಂತೆಯೇ ರಾತ್ರಿ 2 ಗಂಟೆಗೆ ಮತ್ತೆ ಎದ್ದೇಳಬೇಕು. ನೋವು ಔಷಧಕ್ಕೆ ಬಗ್ಗದಿದ್ದಾಗ, ಅದು ನೀರಿನ ಬಟ್ಟಲಿನವರೆಗೂ ನಡೆಯಲಾರದಾದಾಗ, ನೋವಿಲ್ಲದ ಕೊನೆಯ ಚುಚ್ಚುಮದ್ದಿನ ಮಾತನ್ನು ವೈದ್ಯರೊಡನೆ ಮನೆಮಂದಿ ಒಟ್ಟಿಗೆ ಕುಳಿತು ಆಡಬೇಕಾಗುತ್ತದೆ, ಆ ಹೊತ್ತಿನಲ್ಲಿ ಯಾರು ಜೊತೆಗಿರುವುದು ಎಂಬುದನ್ನೂ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಮೂರನೆಯದರ ಸಲ ನನಗೆ ಧೈರ್ಯ ಸಾಲದೆ ಬಾಗಿಲ ಹೊರಗೆ ನಿಂತೆ. ನಾಲ್ಕನೆಯದರ ಸಲ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಎರಡು ನಿಮಿಷವೂ ಹಿಡಿಯಲಿಲ್ಲ.