ಎಬಿಎಸ್ ಪಂಪ್ ಬದಲಾಯಿಸಿದ ಮೇಲೆ ಬ್ರೇಕ್ ಬ್ಲೀಡಿಂಗ್: ನನ್ನ ಅನುಭವ

ಬ್ರೇಕ್ ಪೆಡಲ್ ಗಟ್ಟಿಯಾಗಿದೆ ಅಂದ ಮಾತ್ರಕ್ಕೆ ಆಯಿಲ್ ಹರಿಯುವ ಲೈನಿನಲ್ಲಿ ಗಾಳಿ ಇಲ್ಲ ಅಂತಲ್ಲ. ಆ ಗಾಳಿಯನ್ನು ಹೊರಗೆ ತೆಗೆಯುವುದೇ ಬ್ಲೀಡಿಂಗ್. ಎಬಿಎಸ್ (ಬ್ರೇಕ್ ಹೊಡೆದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ಯೂನಿಟ್, ಅಂದರೆ ಅದರ ಪಂಪ್ ಮತ್ತು ವಾಲ್ವುಗಳಿರುವ ಭಾಗ, ಬಿಚ್ಚಿ ಹೊಸದು ಹಾಕಿದ ಗಾಡಿಯಲ್ಲಂತೂ ಇದನ್ನು ಮರೆಯಲೇಬಾರದು. ಚಿಕ್ಕಮಗಳೂರಿನ ಕೆ.ಎಂ. ರಸ್ತೆಯ ನಮ್ಮ ಗ್ಯಾರೇಜಿಗೆ ಬರುವುದರಲ್ಲಿ ಹೆಚ್ಚಿನವು ತೋಟದವರ ಗಾಡಿಗಳು. ಒಂದು ಕಡೆ ಮುಳ್ಳಯ್ಯನಗಿರಿ ರಸ್ತೆ, ಇನ್ನೊಂದು ಕಡೆ ಕೊಟ್ಟಿಗೆಹಾರ ದಾಟಿದರೆ ಚಾರ್ಮಾಡಿ ಘಾಟಿ. ಇಂಥ ಇಳಿಜಾರಿಗೆ ಹೋಗುವ ಗಾಡಿಯ ಬ್ರೇಕಿನಲ್ಲಿ ಅರೆಬರೆ ಕೆಲಸ ನಡೆಯುವುದಿಲ್ಲ.

ಈಚೆಗೆ ಮೂಡಿಗೆರೆ ಕಡೆಯ ಒಬ್ಬರ ಕಾರಿನಲ್ಲಿ ಎಬಿಎಸ್ ಲೈಟ್ ಆರುತ್ತಲೇ ಇರಲಿಲ್ಲ. ಸ್ಕ್ಯಾನರ್ ಹಾಕಿದರೆ ಪಂಪ್ ಮೋಟರಿನ ದೋಷ. ವೈರಿಂಗ್, ಫ್ಯೂಸ್, ಅರ್ಥ್ ಎಲ್ಲ ನೋಡಿಯಾದ ಮೇಲೆ ಯೂನಿಟ್ಟೇ ಬದಲಾಯಿಸುವುದು ಅಂತ ತೀರ್ಮಾನವಾಯಿತು. ಕೆಲವು ಹೊಸ ಯೂನಿಟ್‌ಗಳು ಒಳಗೆ ಆಯಿಲ್ ತುಂಬಿಕೊಂಡೇ ಬರುತ್ತವೆ. ಇದು ಒಣ ಯೂನಿಟ್. ಕೆಲಸ ಜಾಸ್ತಿ ಆಗುವುದು ಅಲ್ಲೇ.

ಯಾಕೆ ಅಂದರೆ, ಮಾಮೂಲಿಯಾಗಿ ಬ್ರೇಕ್ ಒತ್ತಿದಾಗ ಆಯಿಲ್ ಯೂನಿಟ್ಟಿನ ಇನ್‌ಲೆಟ್ ವಾಲ್ವ್ ಮೂಲಕ ನೇರವಾಗಿ ಚಕ್ರಕ್ಕೆ ಹೋಗುತ್ತದೆ. ಔಟ್‌ಲೆಟ್ ವಾಲ್ವ್ ಮುಚ್ಚಿಯೇ ಇರುತ್ತದೆ. ಅದರ ಆಚೆಗಿರುವ ಅಕ್ಯುಮುಲೇಟರ್ (ಆಯಿಲ್ ಸ್ವಲ್ಪ ಹೊತ್ತು ನಿಲ್ಲುವ ಸಣ್ಣ ಕೋಣೆ) ಮತ್ತು ಪಂಪಿನ ದಾರಿಗೆ ನೀವು ಎಷ್ಟು ಪೆಡಲ್ ತುಳಿದರೂ ಆಯಿಲ್ ಹೋಗುವುದಿಲ್ಲ, ಅಲ್ಲಿನ ಗಾಳಿ ಅಲ್ಲೇ ಕೂತಿರುತ್ತದೆ. ಮಳೆಯಲ್ಲಿ ಜಾರಿ ಎಬಿಎಸ್ ಕೆಲಸ ಮಾಡಿದ ಕ್ಷಣ ವಾಲ್ವ್ ತೆರೆದು, ಪಂಪ್ ತಿರುಗಿ, ಆ ಗಾಳಿ ಲೈನಿಗೆ ಬರುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಹಾಗಾಗಿ ಬ್ರೇಕ್ ಅತಿ ಹೆಚ್ಚು ಬೇಕಾದ ಹೊತ್ತಿಗೇ ಪೆಡಲ್ ಕೆಳಗೆ ಹೋಗುತ್ತದೆ. ಇದನ್ನು ನೆನೆಸಿಕೊಂಡರೇ ನನಗೆ ಸಮಾಧಾನ ಇರುವುದಿಲ್ಲ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು, ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಕೊಟ್ಟು ಪೆಡಲನ್ನು ಸ್ವಲ್ಪ ಒತ್ತಿ ನಿಲ್ಲಿಸಿದೆ. ಹೀಗೆ ಮಾಡಿದರೆ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ಡಬ್ಬಿಯಿಂದ ಆಯಿಲ್ ಬರುವ ರಂಧ್ರ ಮುಚ್ಚಿಕೊಂಡು, ಪೈಪ್ ಬಿಚ್ಚಿದಾಗ ಡಬ್ಬಿಯ ಆಯಿಲ್ ಪೂರ್ತಿ ಸುರಿದುಹೋಗುವುದಿಲ್ಲ. ಪೈಪುಗಳ ನಟ್ಟಿಗೆ ಫ್ಲೇರ್ ನಟ್ ಸ್ಪ್ಯಾನರ್ರೇ ಬೇಕು, ಸಾದಾ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಸುತ್ತುತ್ತದೆ. ಯಾವ ಪೈಪ್ ಎಲ್ಲಿಗೆ ಅಂತ ಟೇಪ್ ಅಂಟಿಸಿ ಗುರುತು ಮಾಡಿದೆ. ಹೊಸ ಯೂನಿಟ್ಟಿನ ಪ್ಲಗ್ಗುಗಳನ್ನು ಒಂದೊಂದಾಗಿ, ಪೈಪ್ ಕೂರಿಸುವ ಹೊತ್ತಿಗಷ್ಟೇ ತೆಗೆದೆ. ಬಣ್ಣದ ಮೇಲೆ ಆಯಿಲ್ ಬಿದ್ದ ಕಡೆ ಕೂಡಲೇ ನೀರು ಹಾಕಿ ತೊಳೆಯಬೇಕು, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.

ಹಾಕಿದ್ದು ಸೀಲ್ ಒಡೆಯದ ಬಾಟಲಿಯ, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್. ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ಶೇ. 3.7ರಷ್ಟು ನೀರು ಸೇರಿದರೆ ಅದು 155 ಡಿಗ್ರಿವರೆಗೂ ಇಳಿಯಬಹುದು. ಗಾಳಿಯ ತೇವವನ್ನು ಆಯಿಲ್ ತಾನೇ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಹಳೇ ಬಾಟಲಿ ನಾನು ಮುಟ್ಟುವುದಿಲ್ಲ.

ಮೊದಲ ಸುತ್ತು ಕೈಯಲ್ಲೇ. ಆ ಗಾಡಿಯ ಮ್ಯಾನ್ಯುಯಲ್ ಹೇಳಿದ ಕ್ರಮದಂತೆ ಹಿಂದಿನ ಎಡಚಕ್ರದಿಂದ ಶುರು. ಹುಡುಗ ಪೆಡಲಿನ ಮೇಲೆ, ನಾನು ಚಕ್ರದ ಬಳಿ ಆಯಿಲ್ ಹೊರಬಿಡುವ ನಿಪ್ಪಲ್ ಹತ್ತಿರ. "ಒತ್ತು", "ಹಿಡಿ" ಅಂದು ನಿಪ್ಪಲ್ ಸಡಿಲಿಸಿ, ಬಿಗಿ ಮಾಡಿ, ಆಮೇಲೆ "ಬಿಡು". ಬಿಗಿ ಮಾಡುವ ಮೊದಲು ಅವನು ಕಾಲೆತ್ತಿದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಪೆಡಲನ್ನು ನೆಲಕ್ಕೆ ಬಡಿಯುವಂತೆ ಒತ್ತಬೇಡ ಅಂತಲೂ ಹೇಳಿದ್ದೆ. ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ರಬ್ಬರ್ ಸೀಲ್ ಎಂದೂ ಹೋಗದ, ತುಕ್ಕು ಹಿಡಿದ ಜಾಗಕ್ಕೆ ಹೋಗಿ ಹರಿಯಬಹುದು. ಪಾರದರ್ಶಕ ಟ್ಯೂಬಿನಲ್ಲಿ ಮೊದಲು ಕಂದು ಆಯಿಲ್, ನಡುನಡುವೆ ಗುಳ್ಳೆಗಳ ಸಾಲು, ಆಮೇಲೆ ತಿಳಿ. ಡಬ್ಬಿಯ ಮಟ್ಟ ಇಳಿಯದಂತೆ ಆಗಾಗ ತುಂಬುತ್ತಿದ್ದೆವು.

ಅಷ್ಟರಲ್ಲಿ ಯಜಮಾನರು ಬಂದರು. ಪೆಡಲ್ ಒತ್ತಿ ನೋಡಿ, "ಸರಿಯಾಗೇ ಇದೆಯಲ್ಲ ಮಾರಾಯ್ರೇ, ಕೊಟ್ಬಿಡಿ. ನಾಳೆ ಧರ್ಮಸ್ಥಳಕ್ಕೆ ಹೊರಟಿದ್ದೀವಿ" ಅಂದರು.

"ಧರ್ಮಸ್ಥಳಕ್ಕೆ ಅಂದ್ರೆ ಚಾರ್ಮಾಡಿ ಇಳೀಬೇಕಲ್ಲ ಸಾರ್. ಕೆಲಸ ಇನ್ನೂ ಮುಗಿದಿಲ್ಲ, ಸ್ವಲ್ಪ ಕೂತ್ಕೊಳ್ಳಿ" ಅಂದೆ.

ಬ್ಯಾಟರಿಗೆ ಚಾರ್ಜರ್ ಹಚ್ಚಿದೆ. ಪಂಪ್ ಮೋಟರ್ ಕರೆಂಟ್ ಜಾಸ್ತಿ ಎಳೆಯುತ್ತದೆ, ವೋಲ್ಟೇಜ್ ಬಿದ್ದರೆ ನಡುವೆಯೇ ನಿಂತುಹೋಗುತ್ತದೆ. ಹೊಸ ಯೂನಿಟ್ಟನ್ನು ಈ ಗಾಡಿಗೆ ಹೊಂದಿಸುವ ಕೋಡಿಂಗ್ ಮಾಡಿ, ಸ್ಕ್ಯಾನರಿನಲ್ಲಿ ಎಬಿಎಸ್ ಬ್ಲೀಡಿಂಗ್ ಆರಿಸಿದೆ. ಪರದೆ ಹೇಳಿದಾಗ ಹುಡುಗ ಪೆಡಲ್ ಒತ್ತಿ ಹಿಡಿದ. ಬಾನೆಟ್ ಕೆಳಗೆ ಗುರ್ ಅಂತ ಮೋಟರ್ ತಿರುಗಿತು, ವಾಲ್ವುಗಳು ಟಕಟಕ ಬಡಿದವು. "ಅಣ್ಣ, ಪೆಡಲ್ ಕಾಲನ್ನ ಒದೀತಿದೆ" ಅಂದ ಅವನು. ಸ್ವಲ್ಪ ಹೊತ್ತಿಗೆ ಪೆಡಲ್ ಮೆತ್ತಗಾಗಿ ಕುಸಿಯಿತು. ಯಜಮಾನರನ್ನು ಕರೆದು ಅದೇ ಪೆಡಲ್ ಮತ್ತೆ ಒತ್ತಿಸಿದೆ. ಅವರು ಮಾತಾಡದೆ ಕುರ್ಚಿಗೆ ಹೋಗಿ ಕೂತರು. ನಿಪ್ಪಲ್ ತೆರೆದಾಗ ಸಣ್ಣ ಗುಳ್ಳೆಗಳು ನೊರೆಯಾಗಿ ಬಂದವು. ಗುಳ್ಳೆ ನಿಲ್ಲುವವರೆಗೆ ಸ್ಕ್ಯಾನರ್, ಮತ್ತೆ ಕೈಯ ಸುತ್ತು, ಹೀಗೆ ನಡೆಸಿದೆವು.

ಪರೀಕ್ಷೆಗೆ, ಎಂಜಿನ್ ಆಫ್ ಮಾಡಿ, ಪೆಡಲಿನ ಒತ್ತಡ ಹೆಚ್ಚಿಸುವ ಬೂಸ್ಟರಿನ ವ್ಯಾಕ್ಯೂಮ್ ಖಾಲಿಯಾಗುವವರೆಗೆ ಪೆಡಲ್ ಒತ್ತಿ, ಬಲವಾಗಿ ಹಿಡಿದುಕೊಂಡೆ. ಜಾರಲಿಲ್ಲ. ಹಾಗೇ ಸ್ಟಾರ್ಟ್ ಮಾಡಿದರೆ ಪೆಡಲ್ ಒಂದಿಷ್ಟು ಇಳಿಯುತ್ತದೆ. ಅದು ಬೂಸ್ಟರಿನ ಕೆಲಸ, ಗಾಳಿ ಅಂತ ಗಾಬರಿಯಾಗಬೇಕಿಲ್ಲ. ಆಮೇಲೆ ಜನ ಓಡಾಡದ ಜಲ್ಲಿ ರಸ್ತೆಯಲ್ಲಿ, ಕಡಿಮೆ ವೇಗದಲ್ಲಿ ಎಬಿಎಸ್ ಕೆಲಸ ಮಾಡುವಂತೆ ಬ್ರೇಕ್ ಹೊಡೆದು, ನಿಂತ ಮೇಲೆ ಪೆಡಲ್ ಎತ್ತರ ನೋಡಿದೆ. ಮೊದಲಿನಷ್ಟೇ ಇತ್ತು. ಯೂನಿಟ್ಟಿನ ಪೈಪ್ ಜಾಯಿಂಟುಗಳಿಗೆ ಟಿಶ್ಯೂ ಕಾಗದ ಸುತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಕಾಗದ ಒಣಗಿತ್ತು, ಡ್ಯಾಶ್‌ಬೋರ್ಡಿನಲ್ಲಿ ಲೈಟೂ ಇರಲಿಲ್ಲ. ಕೀ ಕೊಟ್ಟು ಕಳಿಸಿದೆ.